ಆರರಿಂದ ಏಳಕ್ಕೇರಿದ ಮನೆ

ಸೈಕಲ್ ಅಂಗಡಿಯ ಬಾಗಿಲು ಹಾಕಿದ ಮೇಲೆ ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗವೆಂದರೆ ಅಂಗಡಿಯ ನೆಲವೇ. ಸಾಸಿವೆ ತನ್ನ ಶಾಲೆಯ ಚಾರ್ಟನ್ನು ಅಲ್ಲೇ ಹಾಸಿಕೊಂಡು, ಹಾಳೆ ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಒಂದೊಂದು ಹಳೆಯ ಪೆಡಲ್ ಇಟ್ಟಿದ್ದಳು. ಕಾದ ಎಣ್ಣೆಗೆ ಬಿದ್ದಂತೆ ಸದಾ ಚಟಪಟ ಎನ್ನುವ ಹುಡುಗಿ. ಅದಕ್ಕೇ ಆ ಹೆಸರು. ಇಟ್ಟವರು ಅಜ್ಜ. ಅವರು ತೀರಿಕೊಂಡು ಕೆಲವು ತಿಂಗಳಾಗಿತ್ತು.

ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದಳು. ಗಂಡ ಹೋದ ಮೇಲೆ ಅವಳು ಅಂಗಡಿಯೊಳಗೆ ಕಾಲಿಟ್ಟದ್ದು ಅಂದೇ. ಮೊಮ್ಮಗಳು ಕೈಹಿಡಿದು ಎಳೆದರೆ ಒಲ್ಲೆ ಎನ್ನುವ ಶಕ್ತಿ ಯಾವ ಅಜ್ಜಿಗಿದೆ?

ಚಾರ್ಟಿನ ಮೇಲೆ ದೇಶಕ್ಕೊಂದು ಬಣ್ಣದ ಕಾಗದದ ಪಟ್ಟಿ. ಅಲ್ಲಿನ ದೊಡ್ಡವರು ಸರಾಸರಿ ಎಷ್ಟು ವರ್ಷ ಓದಿದ್ದಾರೋ ಪಟ್ಟಿ ಅಷ್ಟು ಉದ್ದ. ವರ್ಷಕ್ಕೆ ಒಂದು ಬೆರಳಗಲದ ಲೆಕ್ಕ. ಕೆಲವು ಹದಿಮೂರು ಬೆರಳು ದಾಟಿ ಮೆರೆಯುತ್ತಿದ್ದವು, ಕೆಲವು ಎರಡಕ್ಕೇ ಏದುಸಿರು ಬಿಟ್ಟಿದ್ದವು. ಪ್ರತಿ ಮಗುವೂ ತನ್ನ ಮನೆಯನ್ನೂ ಒಂದು ದೇಶವೆಂದುಕೊಂಡು ಅದರ ಪಟ್ಟಿಯನ್ನು ನಡುವೆ ಅಂಟಿಸಬೇಕೆಂದು ಟೀಚರ್ ಹೇಳಿದ್ದರು. ಪ್ರದರ್ಶನ ಮರುದಿನ.

"ಅಪ್ಪ, ನಿಂದು ಎಷ್ಟು?"

"ಹನ್ನೆರಡು," ಎಂದ ಅವಳ ಅಪ್ಪ, ಚಕ್ರದ ಕಡ್ಡಿ ಬಿಗಿಮಾಡುತ್ತ.

"ಸುಳ್ಳು. ನೀನು ಓದಿದ್ದು ಹತ್ತನೇ ಕ್ಲಾಸು."

"ಹತ್ತನೇ ಕ್ಲಾಸನ್ನೇ ಮೂರು ವರ್ಷ ಓದಿದ್ದೀನಲ್ಲೇ. ಅಷ್ಟು ಚೆನ್ನಾಗಿ ಯಾರು ಓದಿದ್ದಾರೆ?"

"ಕೂತ ವರ್ಷ ಲೆಕ್ಕಕ್ಕಿಲ್ಲ. ಪಾಸಾದದ್ದು ಮಾತ್ರ. ಅಮ್ಮಂದು ಹನ್ನೆರಡು. ಅಜ್ಜಿದು ಸೊನ್ನೆ. ಚಿಕ್ಕಪ್ಪಂದು ಹದಿನಾರು."

ಚಿಕ್ಕಪ್ಪ ಕಾಲರ್ ಎತ್ತಿಕೊಂಡ. "ನೋಡಿ, ಈ ದೇಶ ನಿಂತಿರೋದೇ ನನ್ನ ತಲೆ ಮೇಲೆ."

"ತಲೆ ಮೇಲೆ ನಿಂತ ದೇಶ ಯಾವ ಸ್ಥಿತೀಲಿದೆ ಅಂತ ಕಾಣ್ತಾನೇ ಇದೆ," ಎಂದಳು ಅವನ ಅತ್ತಿಗೆ, ಸಾಸಿವೆಯ ಅಮ್ಮ, ಅಡುಗೆಮನೆಯಿಂದ.

ಭಾಗಿಸಿದರೆ ಒಂಬತ್ತೂವರೆ ಬಂತು. ಚಿಕ್ಕಪ್ಪ ಉಬ್ಬಿಹೋದ. ಆಗ ಸಾಸಿವೆಗೆ ಟೀಚರ್ ಹೇಳಿದ ಮಾತು ನೆನಪಾಯಿತು.

"ಅಯ್ಯೋ, ಇಪ್ಪತ್ತೈದು ತುಂಬಿದವರನ್ನ ಮಾತ್ರ ಸೇರಿಸಬೇಕಂತೆ. ಚಿಕ್ಕಪ್ಪ, ನಿನಗಿನ್ನೂ ಇಪ್ಪತ್ತನಾಲ್ಕು. ನೀನು ಹೊರಗೆ."

"ಹದಿನಾರಕ್ಕೆ ಜಾಗ ಇಲ್ಲ, ಅಮ್ಮನ ಸೊನ್ನೆಗೆ ಜಾಗ ಇದೆಯಾ?"

"ಮಗನೇ, ನನ್ನ ಸೊನ್ನೆಗೆ ವಯಸ್ಸಾಗಿದೆ," ಎಂದಳು ಅಜ್ಜಿ. ಚಿಕ್ಕಪ್ಪ ಗಾಳಿ ಇಳಿದ ಟ್ಯೂಬಿನಂತೆ ಮೂಲೆ ಸೇರಿದ.

ಹೊಸ ಲೆಕ್ಕದಲ್ಲಿ ಮನೆ ಏಳೂ ಚಿಲ್ಲರೆಗೆ ಇಳಿಯಿತು. ಎಲ್ಲರ ಮುಖ ಸಪ್ಪಗಾದದ್ದನ್ನು ನೋಡಿ ಸಾಸಿವೆ ಸಮಾಧಾನ ಹೇಳಲು ಹೊರಟಳು.

"ಅಷ್ಟೇನೂ ಕಡಿಮೆ ಅಲ್ಲ. ಹೋದ ವರ್ಷ ಅಜ್ಜ ಇದ್ದಾಗ ಬರೀ ಆರು. ಅವರದು ಎರಡೇ ಕ್ಲಾಸಲ್ವಾ? ಒಂದೇ ವರ್ಷದಲ್ಲಿ ನಾವು ಏಳು ದಾಟಿದೀವಿ."

ಚಕ್ರ ನಿಂತಿತು. ಅಡುಗೆಮನೆಯ ಸದ್ದೂ ನಿಂತಿತು. ತಾನು ಏನು ಆಡಿದೆನೆಂದು ಹುಡುಗಿಗೆ ಆಗ ಹೊಳೆದು ಕಣ್ಣು ತುಂಬಿದವು.

"ಏಳನ್ನ ಮಾತ್ರ ಅಂಟಿಸು," ಎಂದ ಅಪ್ಪ. "ಆರರ ಸುದ್ದಿ ಯಾರಿಗೂ ಬೇಡ."

ಅಜ್ಜಿ ಎರಡನ್ನೂ ಮನಸ್ಸಿನಲ್ಲೇ ತೂಗಿ ನೋಡಿದಳು. ಏಳೊಂದನ್ನೇ ಅಂಟಿಸಿದರೆ ಗಂಡ ಈ ಮನೆಯಲ್ಲಿ ಬಾಳಲೇ ಇಲ್ಲವೆಂಬಂತಾಗುತ್ತದೆ. ಆರನ್ನೂ ಅಂಟಿಸಿದರೆ, ಮುದುಕ ಹೋದದ್ದೇ ಮನೆಗೆ ಲಾಭವಾಯಿತೆಂದು ನೋಡಿದವರು ತಿಳಿದಾರು. ನಲವತ್ತು ವರ್ಷ ಜೊತೆಗೆ ಬಾಳಿದ ಜೀವವನ್ನು ಯಾವ ಕಡೆ ಇಡುವುದು? ದೇವರೇ, ನೀನಾದರೂ ಒಂದು ದಾರಿ ತೋರಿಸು ಎಂದುಕೊಂಡು ಅವಳು ಹಾಳೆಯ ಕಡೆಗೆ ಬಾಗಿದಳು.

"ಈ ಉದ್ದದ ದೇಶಗಳು ಮೊದಲಿಂದಲೂ ಹೀಗೇ ಇದ್ದವೇನೇ?"

"ಇಲ್ಲಜ್ಜಿ. ಸ್ವಲ್ಪಸ್ವಲ್ಪವೇ ಏರಿದ್ದು."

"ಹೇಗೆ? ದೊಡ್ಡವರೆಲ್ಲ ಮತ್ತೆ ಶಾಲೆಗೆ ಹೋದರಾ?"

"ಇಲ್ಲ. ಓದಿದ ಚಿಕ್ಕವರು ಇಪ್ಪತ್ತೈದು ತುಂಬಿ ಲೆಕ್ಕಕ್ಕೆ ಬರ್ತಾರೆ. ಅಷ್ಟು ಓದದ ವಯಸ್ಸಾದವರು..." ಸಾಸಿವೆ ತಡೆದಳು.

"ಹೋಗ್ತಾರೆ," ಎಂದು ಅಜ್ಜಿಯೇ ಮುಗಿಸಿದಳು.

ಎಲ್ಲಕ್ಕಿಂತ ಉದ್ದದ ಹಸಿರು ಪಟ್ಟಿಯನ್ನು ಅವಳು ಬೆರಳಿಂದ ಸವರಿದಳು. ಹೆಸರು ಓದಲು ಬರುವುದಿಲ್ಲ, ಎಲ್ಲಿದೆಯೋ ತಿಳಿಯದು. ಆದರೂ ಅಷ್ಟು ಎತ್ತರ ಏರಬೇಕಾದರೆ ಅಲ್ಲಿ ಎಷ್ಟು ಮನೆಗಳಲ್ಲಿ ಒಂದು ಕನ್ನಡಕ ಸುಮ್ಮನೆ ಗೂಡಿನಲ್ಲಿ ಉಳಿದಿರಬೇಕು, ಎಷ್ಟು ಮಂದಿ ಹೆಂಗಸರು ಒಂದು ಲೋಟ ಹೆಚ್ಚಿಗೆ ಚಹಾ ಕಾಸಿ ಆಮೇಲೆ ನಾಲಗೆ ಕಚ್ಚಿಕೊಂಡಿರಬೇಕು. ತಾನೊಬ್ಬಳೇ ಅಲ್ಲ. ಇಡೀ ಭೂಮಿಯೇ ಹೀಗೆ ಅಳುತ್ತ ಅಳುತ್ತ ಮೇಲೆ ಹತ್ತಿದೆ.

"ಎರಡನ್ನೂ ಅಂಟಿಸು," ಎಂದಳು. "ಆರು ಒಂದು, ಪಕ್ಕದಲ್ಲಿ ಏಳು."

"ಜನ ನಗ್ತಾರಮ್ಮ," ಎಂದ ದೊಡ್ಡ ಮಗ.

"ನಗಲಿ. ಅವರಿದ್ದಿದ್ದರೆ ಎಲ್ಲರಿಗಿಂತ ಮೊದಲು ಅವರೇ ನಗ್ತಾ ಇದ್ದರು. ನಿನ್ನ ಹತ್ತು, ಇವನ ಹದಿನಾರು ಎಲ್ಲ ಯಾರ ಸೈಕಲ್ ಹಿಂದೆ ಕೂತುಕೊಂಡು ಶಾಲೆಗೆ ಹೋದವು? ನಡೆಸಿದವರು ಇಳಿದು ಹೋದರು, ಗಾಡಿ ಮುಂದೆ ಹೋಯ್ತು. ಇದರಲ್ಲಿ ಮುಚ್ಚಿಡೋದೇನಿದೆ? ಅದಿರಲಿ, ನಾನೂ ಹೋದರೆ ಎಷ್ಟಾಗುತ್ತೆ?"

"ನಾನು ಆ ಲೆಕ್ಕ ಮಾಡಲ್ಲ," ಎಂದು ಸಾಸಿವೆ ಮುಖ ತಿರುಗಿಸಿದಳು.

"ಹನ್ನೊಂದು," ಎಂದುಬಿಟ್ಟ ಚಿಕ್ಕಪ್ಪ ಮೂಲೆಯಿಂದ. ಮರುಗಳಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಹದಿನಾರು ವರ್ಷದ ಬುದ್ಧಿ ನೋಡಿ," ಎಂದಳು ಅತ್ತಿಗೆ.

ಅಜ್ಜಿ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. "ಪರವಾಗಿಲ್ಲವೇ, ಹನ್ನೊಂದಕ್ಕೆ ಹಾರುತ್ತೆ. ಆದರೆ ನನಗೇನೂ ಆತುರ ಇಲ್ಲಪ್ಪ. ನಿಮ್ಮ ದೇಶ ಇನ್ನೂ ಸ್ವಲ್ಪ ಕಾಲ ಏಳರಲ್ಲೇ ಬಿದ್ದಿರಲಿ."

ಮರುದಿನ ಪ್ರದರ್ಶನಕ್ಕೆ ಅಜ್ಜಿಯೂ ಹೋದಳು. ಶಾಲೆಯ ಪಡಸಾಲೆಯಲ್ಲಿ ಸಾಸಿವೆಯ ಚಾರ್ಟಿನ ಕೆಳಗೊಂದು ಬೆಂಚು. ಅದರ ಮೇಲೆ ತಾನೇ ಬರೆದವಳಂತೆ ಠೀವಿಯಿಂದ ಕುಳಿತಳು. ಬಂದವರು ನೋಡಿ ಮುಂದೆ ಹೋಗುತ್ತಿದ್ದರು. ಅಂಚೆಯವನ ಸಮವಸ್ತ್ರ ತೊಟ್ಟ ಒಬ್ಬ ತಂದೆ ಮಾತ್ರ ನಿಂತು, 'ಹೋದ ವರ್ಷ', 'ಈ ವರ್ಷ' ಎಂದು ಬರೆದಿದ್ದ ಆ ಎರಡು ಪಟ್ಟಿಗಳನ್ನು ದಿಟ್ಟಿಸಿದ.

"ಏನು ತಾಯಿ, ಒಂದೇ ವರ್ಷಕ್ಕೆ ಇಷ್ಟು ಏರಿದ್ದೀರಿ. ಮನೇಲಿ ಯಾರು ಪರೀಕ್ಷೆ ಪಾಸು ಮಾಡಿದ್ದು?"

ಸಾಸಿವೆ ಅಜ್ಜಿಯ ಮುಖ ನೋಡಿದಳು.

"ಯಾರೂ ಇಲ್ಲಪ್ಪ," ಎಂದಳು ಅಜ್ಜಿ. "ನಮ್ಮ ಯಜಮಾನರು ತೀರಿಕೊಂಡರು. ಎರಡನೇ ಕ್ಲಾಸು ಓದಿದ್ದರು."

ಅವನು ಅಯ್ಯೋ ಪಾಪ ಎನ್ನಲಿಲ್ಲ. ಎರಡು ಪಟ್ಟಿಗಳ ತುದಿಗಳ ನಡುವಿನ ಅಂತರಕ್ಕೆ ತನ್ನ ಬೆರಳನ್ನು ಅಡ್ಡವಾಗಿ ಇಟ್ಟು ನೋಡಿದ. ಬೆರಳಿಗಿಂತ ತುಸು ಹೆಚ್ಚೇ ಇತ್ತು.

"ನಮ್ಮ ಮನೆಯೂ ಈ ವರ್ಷ ಏರಿತು," ಎಂದ.

ಅಜ್ಜಿ ಬೆಂಚಿನಲ್ಲಿ ಪಕ್ಕಕ್ಕೆ ಸರಿದಳು. "ಯಾರಪ್ಪ?"

"ಅಮ್ಮ. ಶಾಲೆ ಮೆಟ್ಟಿಲೇ ಹತ್ತಿದವಳಲ್ಲ."

"ನಾನೂ ಅಷ್ಟೇ. ಕೂತ್ಕೋ," ಎಂದಳು ಅಜ್ಜಿ. "ಹೇಗಿದ್ದರು ಹೇಳು."