ವರ್ಗ ಸಮೀಕರಣ ನಿಮಗೆ ಬೇಡ

"ಹೆಸರು ಕರೆದವರೆಲ್ಲ ಲ್ಯಾಬಿಗೆ ನಡೀರಿ," ಎಂದರು ಗಣಿತದ ಮೇಷ್ಟ್ರು. "ಅಲ್ಲಿ ರೇಖಾತ್ಮಕ ಸಮೀಕರಣ ಅಭ್ಯಾಸ ಮಾಡಿ. ವರ್ಗ ಸಮೀಕರಣ ನಿಮಗೆ ಬೇಡ."

ಹೆಸರು ಕರೆದವರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಚೀಲ ಎತ್ತಿಕೊಳ್ಳಲಿಲ್ಲ. "ಯಾಕೆ ಬೇಡ ಸರ್?"

"ಪಾಸಾಗೋಕೆ ಅಷ್ಟು ಸಾಕಮ್ಮ. ಶಾಲೆ ಫಲಿತಾಂಶಾನೂ ನೋಡ್ಬೇಕಲ್ಲ ನಾವು."

ವರ್ಗ ಸಮೀಕರಣದ ಪಾಠ ನಡೆದಾಗ ಅವಳು ಕಾಮಾಲೆಯಾಗಿ ಮಲಗಿದ್ದಳು. ಮೇಷ್ಟ್ರಿಗೂ ಅದು ಗೊತ್ತಿತ್ತು. ಆದರೂ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದದ್ದೇ ತಡ, ದಡ್ಡರ ಗುಂಪಿಗೆ ಸೇರಿಸಿ ಕೈ ತೊಳೆದುಕೊಂಡಿದ್ದರು. ಎದುರಿನ ಲ್ಯಾಬಿನಲ್ಲಿ, ದೂಳು ಹಿಡಿದ ಗಾಜಿನ ನಳಿಗೆಗಳ ನಡುವೆ ಕೂತು, ಎಂಟನೇ ತರಗತಿಯವರಿಗೂ ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಬಿಡಿಸಬೇಕು. 2x + 5 = 11. ಅದರಲ್ಲೇನಿದೆ, x ಮೂರು.

"ಸುಮ್ನೆ ಕೂತ್ಕೊಳೇ, ಇಲ್ಲಿ ಬೈಯೋರಾದ್ರೂ ಇಲ್ಲ," ಎಂದಳು ಪಕ್ಕದ ಗೆಳತಿ ಚೋಟು. ಹುಡುಗಿಗೆ ಮೈಯೆಲ್ಲ ಉರಿಯಿತು.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಅಕ್ಕ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಔಷಧಿ ಅಂಗಡಿಯ ಕೆಲಸ ಅವಳದು. "ನನ್ನನ್ನೂ ಹಿಂಗೇ ಕೂರಿಸಿದ್ರು ಕಣೇ," ಎಂದಳು ತಲೆಯೆತ್ತದೆ. "ಡಿಪ್ಲೊಮಾ ಸೇರಿದ್ನಲ್ಲ, ಅಲ್ಲಿ ಶುರುವಾಗಿದ್ದೇ ವರ್ಗ ಸಮೀಕರಣದಿಂದ. ತಲೆ ಬುಡ ತಿಳೀಲಿಲ್ಲ. ನಾನೇ ದಡ್ಡಿ ಅಂದ್ಕೊಂಡು ಬಿಟ್ಟುಬಂದೆ."

ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. "ಓದೋಕೆ ಮನಸ್ಸಿಲ್ಲ ಅಂದಿದ್ದೆಯಲ್ಲೇ ನೀನು?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಇನ್ನೊಂದು ಬಟ್ಟೆಯ ಮೇಲೆ ಒತ್ತಿದಳು.

ಹುಡುಗಿ ಕೆಲವು ದಿನ ಪಠ್ಯಪುಸ್ತಕ ಮುಂದಿಟ್ಟುಕೊಂಡು ತಾನೇ ಗುದ್ದಾಡಿದಳು. ಸಮೀಕರಣದ ಮಧ್ಯದ ಪದವನ್ನು ಎರಡಾಗಿ ಒಡೆಯುವುದು ಮೊದಲು ಕೈಗೆ ಹತ್ತಲೇ ಇಲ್ಲ, ಆಮೇಲೆ ಹತ್ತಿತು. ಒಂದು ಬೆಳಿಗ್ಗೆ ಹೋಗಿ ತರಗತಿಯ ಮೊದಲ ಬೆಂಚಿನಲ್ಲಿ ಕೂತುಬಿಟ್ಟಳು.

"ದಾರಿ ತಪ್ಪಿ ಬಂದ್ಯೇನಮ್ಮ?" ಎಂದರು ಮೇಷ್ಟ್ರು. ತರಗತಿ ಗೊಳ್ಳೆಂದಿತು.

"ಇಲ್ಲ ಸರ್. ನನ್ನ ಕ್ಲಾಸು ಇದೇ."

ಮೇಷ್ಟ್ರು ಬೋರ್ಡಿನ ಮೇಲೆ x² − x − 12 = 0 ಎಂದು ಬರೆದು ಸೀಮೆಸುಣ್ಣ ಚಾಚಿದರು. ಅವಳು ಅಪವರ್ತಿಸಿದಳು: (x − 4)(x + 3) = 0. ಕೊನೆಯ ಸಾಲಿನಲ್ಲಿ ಅವಸರ ಮಾಡಿ −4, 3 ಎಂದು ಬರೆದಳು.

"ನೋಡಿದ್ಯಾ? ಚಿಹ್ನೆ ಉಲ್ಟಾ. ಇದಕ್ಕೇ ಹೇಳಿದ್ದು. ನಡಿ ಲ್ಯಾಬಿಗೆ."

"ತಪ್ಪಿದ್ರೆ ತಿದ್ದಬೇಕಲ್ವಾ ಸರ್, ಆಚೆ ಕಳಿಸೋದ್ಯಾಕೆ?" ಅವಳು ಸೀಮೆಸುಣ್ಣ ಕೆಳಗಿಡಲಿಲ್ಲ. "ಬರೋರಿಗೆ ಮಾತ್ರ ಹೇಳ್ಕೊಡೋದಾದ್ರೆ, ಬರದೇ ಇರೋರು ಎಲ್ಲಿಗೆ ಹೋಗ್ಬೇಕು?"

ಅಂಗೈಯಿಂದ ಕೊನೆಯ ಸಾಲನ್ನಷ್ಟೇ ಒರೆಸಿ 4, −3 ಎಂದು ಬರೆದಳು. ಪಕ್ಕದಲ್ಲಿ ತಾಳೆ ನೋಡಿದಳು: ಹದಿನಾರರಲ್ಲಿ ನಾಲ್ಕು ಹೋಗಿ, ಹನ್ನೆರಡು ಹೋಗಿ, ಸೊನ್ನೆ. ಈ ಸಲ ಯಾರೂ ನಗಲಿಲ್ಲ.

ಮೇಷ್ಟ್ರು ಡಸ್ಟರ್ ಕೈಗೆತ್ತಿಕೊಂಡರು, ಒರೆಸಲಿಲ್ಲ. ಅಷ್ಟರಲ್ಲಿ ಚೋಟು ಚೀಲವನ್ನು ಎದೆಗವಚಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಮೊದಲ ಬೆಂಚಿನವರು ಮೇಷ್ಟ್ರ ಮುಖ ನೋಡಿದರು, ಆಮೇಲೆ ಒಬ್ಬೊಬ್ಬರೇ ಗೋಡೆಯ ಕಡೆಗೆ ಚೂರು ಚೂರು ಸರಿದು ಜಾಗ ಬಿಟ್ಟರು.