ಬೀಗತಿಯ ಎದುರು ಆಡಿದ ಸುಳ್ಳು

ಖಜೂರಿಯ ಸುಭದ್ರಾಬಾಯಿ ಹೇಳಿದ ಸುಳ್ಳು ಒಂದೇ ಶಬ್ದದ್ದು: ‘ಇಲ್ರಿ.’

ಮಗಳು ಸೃಷ್ಟಿಗೆ ಸಂಧಿವಾತ. ಇಪ್ಪತ್ತಾರರ ಹುಡುಗಿಗೆ ರೊಟ್ಟಿ ಬಡಿಯುವುದಿರಲಿ, ಸೀರೆಯ ನಿರಿಗೆ ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ. ಬಾವು ಎಬ್ಬಿಸುವ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಇದೆ, ಆದರೆ ಅದರಿಂದ ಒಳಗೆ ಮಲಗಿದ ಟಿ.ಬಿ. ಏಳಬಹುದು ಎಂದು ಕಲಬುರಗಿಯ ಡಾಕ್ಟರು ಬಿಡಿಸಿ ಹೇಳಿದ್ದರು.

‘ಟೆಸ್ಟಿನ್ಯಾಗ ಏನೂ ಬಂದಿಲ್ಲ. ಆದ್ರ ಟೆಸ್ಟೂ ಒಮ್ಮೊಮ್ಮೆ ತಪ್ಪತದ. ಮನ್ಯಾಗ ಯಾರಿಗರ ಟಿ.ಬಿ. ಆಗಿತ್ತೇನ್ರಿ? ಆಗಿದ್ರ ಮೊದಲು ಗುಳಿಗಿ ಕೊಟ್ಟು, ಆಮ್ಯಾಲ ಇಂಜೆಕ್ಷನ್ ಸುರು ಮಾಡ್ತೇವಿ.’

ಪಕ್ಕದ ಕುರ್ಚಿಯಲ್ಲಿ ಸೃಷ್ಟಿಯ ಅತ್ತೆ, ಕೊಳಕೂರಿನ ಮಾಣಿಕಮ್ಮ ಕೂತಿದ್ದಳು. ಬೀಗತಿಯ ಎದುರು ತವರಿನ ಜಡ್ಡು ಬಿಚ್ಚಿಡುವ ತಾಯಿ ಎಲ್ಲಿದ್ದಾಳೆ?

ಆಗಿತ್ತು. ಹನ್ನೆರಡು ವರ್ಷದ ಹಿಂದೆ, ಗಂಡ ಶಿವರಾಯನಿಗೆ. ಊರಿಗೆ ಗೊತ್ತಾದರೆ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆಂದು ಗಡಿಯಾಚೆಯ ದವಾಖಾನೆಯಿಂದ ಗುಳಿಗೆ ತಂದು, ಪಿತ್ತದ್ದೆಂದು ಮಗಳಿಗೂ ಹೇಳಿ ಗಂಡನಿಗೆ ನುಂಗಿಸಿದ್ದಳು. ಹಾಸಿಗೆ ಬೇರೆ ಮಾಡಿದರೆ ಜನಕ್ಕೆ ಸುಳಿವು ಸಿಕ್ಕೀತೆಂದು, ಅವನು ಕೆಮ್ಮುತ್ತಿದ್ದ ಕೋಣೆಯಲ್ಲೇ ಮಗಳನ್ನೂ ಮಲಗಿಸಿದ್ದಳು. ಅವನು ಗುಣವಾದ. ಗುಟ್ಟು ರಟ್ಟಾಗಲಿಲ್ಲ.

ಇಂಜೆಕ್ಷನ್ ಕೈಗೆ ಜೀವ ತಂದಿತು. ಎರಡನೇ ತಿಂಗಳಿಗೆ ಸೃಷ್ಟಿ ತಾನೇ ಬಡಿದ ರೊಟ್ಟಿ ತವರಿಗೆ ಕಳಿಸಿದಳು. ಸುಭದ್ರಾಬಾಯಿ ಕಣ್ಣಿಗೊತ್ತಿಕೊಂಡು ತಿಂದಳು. ನಾಲ್ಕನೇ ತಿಂಗಳಿಗೆ ಜ್ವರ, ಕೆಮ್ಮು. ಹುಡುಗಿ ಒಣಗಿ ಕಡ್ಡಿಯಾದಳು.

ಈಗ ಮತ್ತೆ ಅದೇ ಡಾಕ್ಟರು, ಅದೇ ಮೂರು ಕುರ್ಚಿ. ‘ಟಿ.ಬಿ. ಅದ. ಇಂಜೆಕ್ಷನ್ ಸದ್ಯ ಬಂದ್ ಮಾಡಬೇಕು.’

ಸೃಷ್ಟಿ ತನ್ನ ಬೆರಳುಗಳನ್ನು ಮಡಚಿ, ಬಿಚ್ಚಿ ನೋಡಿಕೊಂಡಳು. ಸುಭದ್ರಾಬಾಯಿ ಆ ಬೆರಳುಗಳನ್ನೇ ನೋಡಿದಳು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ತಾನು, ಉಣ್ಣುವವಳು ಮಗಳು.

‘ನಮ್ಮ ಮನೆಯವ್ರಿಗೆ ಆಗಿತ್ರಿ ಸಾಹೇಬ್ರ. ನಾನೇ ಮುಚ್ಚಿಟ್ಟೆ.’ ಮಾಣಿಕಮ್ಮನತ್ತ ತಿರುಗಿ ಕೈ ಮುಗಿದಳು. ‘ಬೈರಿ ಅಕ್ಕಾರ, ನಾಕು ಹೊಡೀರಿ. ನನ್ನ ಮಗಳ ಕೈ ಮಾತ್ರ ಬಿಡಬ್ಯಾಡ್ರಿ.’

ಮಾಣಿಕಮ್ಮ ಬೈಯಲಿಲ್ಲ. ಮುಗಿದ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

‘ನನಗ ಗೊತ್ತಿತ್ರಿ,’ ಅಂದಳು. ‘ನೀವು ಗುಳಿಗಿ ತಂದ ದವಾಖಾನ್ಯಾಗ ನಮ್ಮವರೊಬ್ರು ನಿಮ್ಮನ್ನ ನೋಡಿದ್ರು, ಲಗ್ನಕ್ಕ ಮೊದಲೇ ಗೊತ್ತಿತ್ತು. ಗುಣ ಆಗ್ಯಾರಲ್ಲ ಅಂತ ಹೆಣ್ಣು ತಂದುಕೊಂಡ್ವಿ. ಅವತ್ತು ನೀವು ಇಲ್ರಿ ಅಂದ್ರಿ. ಡಾಕ್ಟರ ಮುಂದ ಬೀಗರ ಮಾನ ಯಾಕ ಕಳೀಲಿ ಅಂತ ನಾನೂ ಸುಮ್ಮಕ ಕೂತೆ.’

ಸೃಷ್ಟಿಗೆ ಕೆಮ್ಮು ಬಂತು. ಬೆನ್ನು ಸವರಲು ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಅವಳು ಎರಡೂ ಕೈ ಸರಿಸಿ, ಕುರ್ಚಿಯನ್ನು ಡಾಕ್ಟರ ಹತ್ತಿರ ಎಳೆದುಕೊಂಡಳು.

‘ಇನ್ನ ಮ್ಯಾಲ ಏನಿದ್ರೂ ನನಗ ಹೇಳ್ರಿ ಸಾಹೇಬ್ರ,’ ಅಂದಳು. ‘ಇವರಿಬ್ಬರನ್ನ ಹೊರಗ ಕೂಡಿಸ್ರಿ.’