ಹಸಿ ಕಟ್ಟದ ಮೇಲಿನ ಹಿಮ್ಮಡಿ

ಲಿಫ್ಟು ನಿಂತ ಸದ್ದು, ನಮ್ಮ ಮಹಡಿಯಲ್ಲಲ್ಲ, ಕೆಳಗಿನದರಲ್ಲಿ, ಜುಮಾ ನಮಾಜು ಬಿಟ್ಟು ಎಷ್ಟು ಹೊತ್ತಾಯಿತು, ನನ್ನ ಗಂಡ ನಿಯಾಝ್ ಅವನನ್ನು ಕರೆದುಕೊಂಡು ಬಂದೇಬಿಡುತ್ತಾರೆ, ಅಂಗೈಯಲ್ಲಿ ಅಕ್ಕಿ ಹಿಟ್ಟಿನ ಪುಟ್ಟ ಉಂಡೆ, ನಡುವೆ ಹೆಬ್ಬೆರಳಿನ ಒಂದು ಒತ್ತು, ಒಂದು ಗುಳಿ, ಪಿಂಡಿ ಎಂದರೆ ಇಷ್ಟೇ, ಇನ್ನೊಂದು, ಮತ್ತೊಂದು, ಎಲ್ಲ ಅವನ ಹೊಟ್ಟೆಗೆ — ತಂಗಿಯನ್ನು ಕೊಡುವ ಮೊದಲು ಹುಡುಗನಿಗೆ ಅಕ್ಕನ ಮನೆಯಲ್ಲಿ ಒಂದು ಊಟ, ಉಂಡ ಮೇಲೆ ಅಕ್ಕ ಹೂಂ ಅನ್ನಬೇಕು, ಆಮೇಲೆ ಬಾಪ ಮಾತು ಕೊಡುವುದು, ಊರು ಬಿಟ್ಟು ಕುವೈತಿನ ಖೈತಾನಿನಲ್ಲಿದ್ದರೂ ಪದ್ಧತಿ ಪದ್ಧತಿಯೇ. ಉಮ್ಮ ಬೆಳಿಗ್ಗೆಯಿಂದ ಫೋನು ಬಿಟ್ಟಿಲ್ಲ, ಕೋಳಿ ಮಾಡು, ಪಿಂಡಿ ಮಾಡು, ಸಿರಾಜನಿಗೆ ಎಂಥ ಇಷ್ಟ ಅಂತ ನಿಯಾಝ್ ಹತ್ರ ಕೇಳಿಸು. ನಿಯಾಝ್ ಹತ್ತಿರ! ಈ ಕುವೈತಿನಲ್ಲಿ ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಸಾರು ಗಟ್ಟಿ ಇರಬೇಕು, ಮೆಣಸು ಒಂದು ಕೈ ಮುಂದೆ ಇರಬೇಕು, ನಮ್ಮ ಅಂಗಳದ ನೆಲ್ಲಿಕಾಯಿ ಉಪ್ಪಿನಲ್ಲಿ ಹಾಕಿದ್ದನ್ನು ಸೆರಗಲ್ಲಿ ಕಟ್ಟಿ ಅವನಿಗೆ ಒಯ್ದವಳು ನಾನು, ಈಗ ಊರಿಂದ ಫೋನಿನಲ್ಲಿ ಫರ್ಸಾನಾ ಕೇಳುತ್ತಾಳೆ, ಅಕ್ಕಾ, ಬಂದ್ರಾ ಅವ್ರು, ಯಾವ ಶರ್ಟ್ ಹಾಕಿದ್ದಾರೆ, ನಾಚಿಕೆ ಇಲ್ಲದ ಹುಡುಗಿ, ಅವಳ ಹೇನು ಹೆಕ್ಕಿ ಜಡೆ ಹಾಕಿದ್ದು ಈ ಕೈ, ಆಗ ಅವಳಿಗೆ ಸಿರಾಜ್ ಎಂದರೆ ಆಚೆ ದಡದ ಯಾರೋ. ಹೌದು, ಹೊಟ್ಟೆಕಿಚ್ಚು, ಮುಚ್ಚಿಡುವುದೇನು, ನನಗೆ ನನ್ನ ಸ್ವಂತ ತಂಗಿಯ ಮೇಲೆ ಹೊಟ್ಟೆಕಿಚ್ಚು.

ಊರಲ್ಲಿ ಸಣ್ಣ ಹಳ್ಳದಂಥ ತೋಡಿನ ಈಚೆ ನಮ್ಮ ಗದ್ದೆ, ಆಚೆ ಅವನ ಬಾಪ ಮೊಯ್ದೀನ್ ಕುಂಞಿಯವರದ್ದು, ಮಳೆ ನಿಂತು ನೀರು ಇಳಿಯುತ್ತಿದ್ದಂತೆ ಎರಡೂ ಮನೆಯವರು ಸೇರಿ ಕಲ್ಲು, ಸೊಪ್ಪು, ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟ ಕಟ್ಟುತ್ತಿದ್ದೆವು, ಸುಗ್ಗಿ ಬೆಳೆಗೆ ಅದೇ ನೀರು, ಮಣ್ಣು ಗಟ್ಟಿಯಾಗುವ ತನಕ ಅದರ ಮೇಲೆ ನಾಯಿ ಕೂಡ ಹಾಯಬಾರದು, ಇದು ಮಕ್ಕಳಿಗೂ ಗೊತ್ತು, ಸಿರಾಜನಿಗೆ ಗೊತ್ತಿರಲಿಲ್ಲವೇ. ಆ ವರ್ಷ ಕಟ್ಟ ಮುಗಿದ ದಿನವೇ, ಸಂಜೆ, ಅವನು ಹಸಿ ಕಟ್ಟದ ಮೇಲೆಯೇ ನಡೆದು ಬಂದ, ಸಂಕ ದಾಟಿ ಸುತ್ತು ಬಂದ್ರೆ ಕತ್ತಲಾಗ್ತದೆ, ಮತ್ತೆ ನೀನು ಒಳಗೆ ಹೋಗ್ತಿ ಅಲ್ವಾ ಅಂದ, ನಡುವೆ ಒಂದು ಕಡೆ ಬಲಗಾಲು ಹೂತಿತ್ತು, ಎತ್ತಿದ, ಹಿಮ್ಮಡಿಯ ಗುಳಿಯಲ್ಲಿ ಮೆಲ್ಲನೆ ನೀರು ತುಂಬಿತು, ನಾವಿಬ್ಬರೂ ನೋಡಿ ನಕ್ಕೆವು. ಬೆಳಗಾಗುವಾಗ ಅಲ್ಲಿ ಕಟ್ಟವೇ ಇರಲಿಲ್ಲ. ಅವರು ಕಡಿದದ್ದು ಅಂತ ಬಾಪ, ಇವರು ಕಡಿದದ್ದು ಅಂತ ಮೊಯ್ದೀನ್ ಕುಂಞಿ, ಎರಡೂ ದಡದ ಸುಗ್ಗಿ ಒಣಗಿ ನಿಂತಿತು, ಮಸೀದಿಯ ಅಂಗಳದಲ್ಲೂ ಸಲಾಂ ಇಲ್ಲ, ಆ ಮನೆಗೆ ಹೆಣ್ಣು ಕೊಡುವುದಕ್ಕಿಂತ ತೋಡಿಗೆ ದೂಡುವುದು ಒಳ್ಳೆದು ಎಂದ ಬಾಪ ನನ್ನನ್ನು ನಿಯಾಝ್‌ಗೆ ಕೊಟ್ಟರು. ನಿಯಾಝ್ ಒಳ್ಳೆಯವರು, ಅದೇ ಕಷ್ಟ, ಬೈಯಲಿಕ್ಕೂ ಒಂದು ಕಾರಣ ಸಿಗುವುದಿಲ್ಲ. ಸಿರಾಜ್ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ, ನನ್ನ ಮರ್ಯಾದೆ ಉಳಿಸಲಿಕ್ಕೆ ಸುಮ್ಮನಿದ್ದಾನೆ ಅಂದುಕೊಂಡೆ, ಇಷ್ಟು ವರ್ಷ ಅದನ್ನೇ ಸಕ್ಕರೆಯ ಹಾಗೆ ನಾಲಿಗೆಯಡಿ ಇಟ್ಟುಕೊಂಡೆ. ಈಗ ಊರಲ್ಲಿ ಸಿಮೆಂಟಿನ ಅಣೆಕಟ್ಟು ಬಂದಿದೆ, ಜಗಳಕ್ಕೆ ಮಣ್ಣೇ ಉಳಿದಿಲ್ಲ, ಜಮಾಅತಿನ ಹಿರಿಯರು ಇಬ್ಬರನ್ನೂ ಕೂರಿಸಿ, ಯಾರೂ ಕಡಿದದ್ದಲ್ಲ, ಏಡಿ ತೂತು ಮಾಡಿದ್ದು, ಖಲಾಸ್ ಅಂದರಂತೆ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ಏಡಿಯ ಮೇಲೆ ಎಲ್ಲ ಹಾಕಿ ಸಿರಾಜನಿಗೆ ಫರ್ಸಾನಾಳನ್ನು ಕೇಳಿಯೂ ಆಯಿತು.

ಬಾಗಿಲು, ಸಲಾಂ, ಅವನ ಸ್ವರ ಸ್ವಲ್ಪ ದಪ್ಪಗಾಗಿದೆ, ನೀಲಿ ಶರ್ಟು, ಹೇಳುವುದಿಲ್ಲ ಫರ್ಸಾನಾ, ನಾನು ಹೇಳುವುದಿಲ್ಲ. ಚೆನ್ನಾಗಿದ್ದೀರಾ, ಅವನು ನನಗೆ ಬಹುವಚನ ಹಾಕುತ್ತಾನೆ, ಹೊರಗೆ ಎಂಥ ಧೂಳು ಮಾರಾಯ್ರೆ, ಸ್ವಲ್ಪ ಕಾಲು ತೊಳೆದು ಬರ್ತೇನೆ, ಬಚ್ಚಲಲ್ಲಿ ನಲ್ಲಿಯ ಸದ್ದು, ಪಿಂಡಿ ಬೆಂದಿದೆ, ಬಡಿಸುತ್ತೇನೆ, ನಿಯಾಝ್ ಕೇಳುತ್ತಾರೆ, ಅಲ್ಲ ಭಾಯಿ, ಅಷ್ಟು ದೊಡ್ಡ ಜಗಳ ನಿಜವಾಗಿ ಯಾಕೆ ಆದದ್ದು, ನಾನು ಸೌಟು ಹಿಡಿದು ನಿಂತಿದ್ದೇನೆ, ಒಮ್ಮೆ ನನ್ನ ಕಡೆ ನೋಡಲಿ, ಒಮ್ಮೆ ತಡವರಿಸಲಿ, ಅಷ್ಟು ಸಾಕು, ಹೂಂ ಅಂದುಬಿಡುತ್ತೇನೆ — ಅಯ್ಯೋ ಅದಾ, ಏಡಿ, ಅವನು ನಗುತ್ತಾನೆ, ಒಂದು ಏಡಿ ನಮ್ಮೆಲ್ಲರನ್ನು ಮಂಗ ಮಾಡಿತು, ಯಲ್ಲಾ, ಬಿಡಿ ಅದನ್ನು, ಪಿಂಡಿ ಬಹಳ ಚೆಂದ ಆಗಿದೆ, ಫರ್ಸಾನಾ ಹೀಗೇ ಮಾಡ್ತಾಳಾ. ನಿಜಕ್ಕೂ ನಗುತ್ತಾನೆ. ಮರೆತಿದ್ದಾನೆ. ಅಡುಗೆಮನೆಯಲ್ಲಿ ಫೋನು, ಬಾಪ, ರಾಹಿಲಾ, ಊಟ ಆಯ್ತಾ ಹುಡುಗನದ್ದು, ಅಸರ್ ನಮಾಜು ಕಳೆದು ಮಾತು ಕೊಡ್ಲಿಕ್ಕೆ ಹೋಗ್ತೇನೆ, ನೀನು ಹಿರಿಯವಳು, ನಿನ್ನ ಮನಸ್ಸಲ್ಲಿ ಎಂಥಾದ್ರೂ ಉಂಟಾದ್ರೆ ಈಗ್ಲೇ ಹೇಳು ಮಗಳೇ, ಬಾಪನ ಹಿಂದಿನಿಂದ ಫರ್ಸಾನಾಳ ಬಳೆ ಸದ್ದು, ಕಿವಿಗೊಟ್ಟು ನಿಂತಿದ್ದಾಳೆ, ಹೂಂ ಅನ್ನು ರಾಹಿಲಾ, ಒಂದು ಹೂಂ, ಬಚ್ಚಲ ಬಾಗಿಲಿನಿಂದ ಊಟದ ಕೋಣೆಯವರೆಗೆ ನೆಲದ ಮೇಲೆ ಒದ್ದೆ ಹೆಜ್ಜೆ, ಇನ್ನೂ ಆರಿಲ್ಲ, ಬಲಗಾಲಿನದ್ದು ಹೆಚ್ಚು ದಟ್ಟ, ಯಾವಾಗಲೂ ಆ ಕಾಲಿನ ಮೇಲೆಯೇ ಅವನ ಭಾರ — ಬಾಪ, ಅದು ಏಡಿ ಅಲ್ಲ. ಎಂಥ ಹೇಳ್ತಿ ಮಗಳೇ, ಮತ್ತೆ ಯಾರು. ಹಿಮ್ಮಡಿ, ಹಸಿ ಮಣ್ಣು, ಹಿಮ್ಮಡಿಯ ಗುಳಿ, ಮೆಲ್ಲನೆ ನೀರು ತುಂಬುತ್ತದೆ.